ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ, ಕೇಳಿದವರ ಮಾತಿನಲ್ಲೇ. ಹೊಸಬರು ಮೇಲಿನಿಂದ ಓದಿ. ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ಈಗಾಗಲೇ ಮನೆಯಲ್ಲಿದ್ದರೆ ನೇರವಾಗಿ ಮೂರನೇ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಯಾರಿವರು? ಚಿಕ್ಕದಾಗಿ ಹೇಳಿ.

ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ 1970ರ ದಶಕದ ಉತ್ತರಾರ್ಧದಲ್ಲಿ ಕೂಡಿಬಂದ ಆರು ಹುಡುಗರು. ಒಬ್ಬ ಡಿಜೆ, ಐವರು ಎಂಸಿಗಳು. ಡಿಜೆ ಎರಡು ಟರ್ನ್‌ಟೇಬಲ್‌ಗಳ ಮೇಲೆ ತಾಳ ಕಟ್ಟುತ್ತಿದ್ದ, ಎಂಸಿಗಳು ಅದರ ಮೇಲೆ ಪ್ರಾಸಬದ್ಧ ಮಾತು (ರ‍್ಯಾಪ್) ಹರಿಸುತ್ತಿದ್ದರು. ಈ ಸಂಗೀತವೇ ಹಿಪ್-ಹಾಪ್. 1979ರಿಂದ ರೆಕಾರ್ಡು ತಂದರು, 1982ರಲ್ಲಿ 'ದ ಮೆಸೇಜ್' ಹಾಡಿನಿಂದ ಜಗತ್ತಿಗೆ ಪರಿಚಿತರಾದರು, 1983ರಲ್ಲಿ ಒಡೆದರು. 2007ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದ ಮೊದಲ ಹಿಪ್-ಹಾಪ್ ಗುಂಪು ಇವರದೇ.

ಹಿಪ್-ಹಾಪ್ ಶುರು ಮಾಡಿದ್ದೇ ಇವರಾ?

ಅಲ್ಲ. ಸಾಮಾನ್ಯವಾಗಿ ಆರಂಭ ಎಂದು ಹೇಳುವುದು 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ 1520 ಸೆಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನು. ಜಮೈಕಾದಿಂದ ಬಂದಿದ್ದ ಹರ್ಕ್ ಒಂದು ವಿಷಯ ಗಮನಿಸಿದ್ದ: ಹಾಡಿನಲ್ಲಿ ಗಾಯನವೂ ತಂತಿವಾದ್ಯಗಳೂ ನಿಂತು ಬರೀ ಡ್ರಮ್ ಉಳಿಯುವ ಕೆಲವೇ ಸೆಕೆಂಡುಗಳು ಬಂದಾಗ ಕುಣಿಯುವವರಿಗೆ ಆವೇಶ ಬರುತ್ತದೆ. ಆ ತುಣುಕಿಗೆ ಬ್ರೇಕ್ ಎನ್ನುತ್ತಾರೆ. ಹರ್ಕ್ ಒಂದು ರೆಕಾರ್ಡ್ ತಟ್ಟೆಯ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರ ಬ್ರೇಕ್ ಹಾಕುತ್ತಿದ್ದ. ಆದರೆ ಮುಳ್ಳನ್ನು ಎತ್ತಿ ಅಂದಾಜಿನಲ್ಲಿ ಇಳಿಸುತ್ತಿದ್ದುದರಿಂದ ನಡುವೆ ತಾಳ ಮುರಿಯುತ್ತಿತ್ತು. ಆ ಮುರುಕನ್ನು ಸರಿಪಡಿಸಿದ್ದೇ ಫ್ಲ್ಯಾಶ್‌ನ ಕೊಡುಗೆ. ಆರಂಭಿಸಿದವನಿಗೂ ಕರಾರುವಾಕ್ಕು ಮಾಡಿದವನಿಗೂ ಸಲ್ಲಬೇಕಾದದ್ದು ಬೇರೆ ಬೇರೆ. ಈ ಗುಂಪಿನ ಬಗ್ಗೆ ಹುಟ್ಟುವ ಅರ್ಧ ಗೊಂದಲ, ಒಬ್ಬರ ಕೆಲಸವನ್ನು ಇನ್ನೊಬ್ಬರ ಖಾತೆಗೆ ಬರೆಯುವುದರಿಂದಲೇ ಬರುತ್ತದೆ.

ಡಿಜೆ ಅಂದ್ರೆ ಹಾಡು ಹಾಕೋನು ತಾನೆ? ಅವನ ಹೆಸರು ಯಾಕೆ ಮುಂದೆ?

ಆಗಿನ ಲೆಕ್ಕದಲ್ಲಿ ಡಿಜೆಯೇ ಯಜಮಾನ. ಸ್ಪೀಕರು, ಆಂಪ್ಲಿಫೈಯರು, ಟರ್ನ್‌ಟೇಬಲ್, ಪೆಟ್ಟಿಗೆಗಟ್ಟಲೆ ರೆಕಾರ್ಡು ಎಲ್ಲ ಅವನವು. ಜನ ಬರುತ್ತಿದ್ದುದೂ ಅವನ ಹೆಸರಿಗೆ. ಎಂಸಿ ಬಂದದ್ದು ಆಮೇಲೆ. ಫ್ಲ್ಯಾಶ್‌ನ ಕೈಚಳಕ ಎಷ್ಟು ಹೊಸದಾಗಿತ್ತೆಂದರೆ, ಜನ ಕುಣಿಯುವುದು ಬಿಟ್ಟು ಸುಮ್ಮನೆ ನಿಂತು ನೋಡತೊಡಗಿದ್ದರು. ಪಾರ್ಟಿಗೆ ಅದು ಒಳ್ಳೆಯದಲ್ಲ. ಗುಂಪನ್ನು ಮತ್ತೆ ಕುಣಿಸಲು ಮೈಕ್ ಹಿಡಿದು ಹುರಿದುಂಬಿಸುವವರು ಬೇಕಾದರು. ರೆಕಾರ್ಡ್ ಕಂಪನಿಗಳು ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ತಟ್ಟೆಯ ಮೇಲೆ ಕೇಳುವುದು ದನಿ, ಕೈ ಕಾಣುವುದಿಲ್ಲ. ಹೆಸರಿನಲ್ಲಿ ಡಿಜೆ ಮುಂದೆ ಉಳಿದ, ಹಾಡಿನಲ್ಲಿ ಹಿಂದೆ ಸರಿದ.

## ಸದಸ್ಯರು

ಆರು ಜನ ಯಾರ್ಯಾರು? ಯಾರು ಏನು ಮಾಡ್ತಿದ್ರು?

ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂದರೆ ಜೋಸೆಫ್ ಸ್ಯಾಡ್ಲರ್. 1958ರ ಜನವರಿ 1ರಂದು ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ ಹುಟ್ಟಿ, ಬ್ರಾಂಕ್ಸ್‌ನಲ್ಲಿ ಬೆಳೆದವನು. ಅಲ್ಲಿನ ಸ್ಯಾಮ್ಯುಯೆಲ್ ಗಾಂಪರ್ಸ್ ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ. ಈ ಓದನ್ನು ಬಿಟ್ಟು ಅವನ ಕೆಲಸ ಅರ್ಥವಾಗುವುದಿಲ್ಲ.

ಕೌಬಾಯ್ (ಕೀತ್ ವಿಗಿನ್ಸ್) ಮೊದಲು ಸೇರಿದ ಎಂಸಿ. ಉದ್ದ ಪ್ರಾಸಕ್ಕಿಂತ ಜನರ ಜೊತೆಗಿನ ಸವಾಲು-ಜವಾಬಿನಲ್ಲಿ ಅವನ ಶಕ್ತಿ ಇತ್ತು. ಕೈ ಮೇಲೆತ್ತಿ ಬೀಸಿ ಎಂದು ಸಭೆಯನ್ನು ಕೂಗಿ ಎಬ್ಬಿಸುವ ರೂಢಿಯನ್ನು ಅವನ ಹೆಸರಿಗೇ ಹೇಳುತ್ತಾರೆ. ಮೆಲಿ ಮೆಲ್ (ಮೆಲ್ವಿನ್ ಗ್ಲೋವರ್) ಮತ್ತು ಕಿಡ್ ಕ್ರಿಯೋಲ್ (ನಥಾನಿಯಲ್ ಗ್ಲೋವರ್) ಅಣ್ಣತಮ್ಮಂದಿರು, ಕ್ರಿಯೋಲ್ ದೊಡ್ಡವನು. ಗುಂಪಿನ ದೊಡ್ಡ ಬರಹಗಾರ ಮೆಲಿ ಮೆಲ್: ತುಂಬುದನಿ, ನಾಲ್ಕು ಪೆಟ್ಟಿನ ಬಾರ್‌ನ ಆಚೆಗೂ ಹರಿಯುವ ವಾಕ್ಯ, ಕಥೆ ಹೇಳುವ ಛಲ. ಕ್ರಿಯೋಲ್ ಎಕೋ ಯಂತ್ರದ ಮೂಲಕ ತನ್ನ ಹೆಸರು ಸಭಾಂಗಣದ ತುಂಬ ಮಾರ್ದನಿಸುವಂತೆ ಮಾಡುತ್ತಿದ್ದವನು.

ಈ ಮೂವರಿದ್ದಾಗ ಅದು 'ತ್ರೀ ಎಂಸೀಸ್'. ಮಿಸ್ಟರ್ ನೆಸ್ ಎಂದೂ ಕರೆಸಿಕೊಂಡ ಸ್ಕಾರ್ಪಿಯೋ (ಎಡ್ಡಿ ಮಾರಿಸ್) ನಾಲ್ಕನೆಯವನು. ಐದನೆಯವನು ರಹೀಮ್ (ಗೈ ವಿಲಿಯಮ್ಸ್), ಎದುರಾಳಿ ಗುಂಪು ಫಂಕಿ ಫೋರ್‌ನಿಂದ ಬಂದವನು. ರಾಗವಾಗಿ ಹಾಡಬಲ್ಲವನು ಅವನೇ ಆದ್ದರಿಂದ, ಹಾಡಿನ ಸ್ವರಸಂಗತಿಯ ಭಾಗಗಳಲ್ಲಿ ಅವನ ದನಿಗೆ ಕಿವಿಕೊಡಿ.

ಕಿಡ್ ಕ್ರಿಯೋಲ್ ಅಂತ ಇನ್ನೊಬ್ಬ ಗಾಯಕ ಇದ್ದಾನಲ್ಲ, ಅವನೇನಾ?

ಅಲ್ಲ. 'ಕಿಡ್ ಕ್ರಿಯೋಲ್ ಅಂಡ್ ದ ಕೋಕೊನಟ್ಸ್' ಬೇರೆ ತಂಡ. ಅದರ ನಾಯಕ ಆಗಸ್ಟ್ ಡಾರ್ನೆಲ್. ಹಾಗೆಯೇ ಶುಗರ್‌ಹಿಲ್ ಗ್ಯಾಂಗ್ ಕೂಡ ಬೇರೆ ಗುಂಪು. ಆ ಗ್ಯಾಂಗೂ ಫ್ಯೂರಿಯಸ್ ಫೈವೂ ಶುಗರ್ ಹಿಲ್ ರೆಕಾರ್ಡ್ಸ್ ಕಂಪನಿಗೆ ಹಾಡಿದ್ದರಿಂದ ಈ ಕಲಸುಮೇಲೋಗರ.

'ಹಿಪ್-ಹಾಪ್' ಅನ್ನೋ ಪದ ಕೌಬಾಯ್ ಹುಟ್ಟಿಸಿದ್ದಂತೆ, ನಿಜವೇ?

ಹೆಚ್ಚಾಗಿ ಹೇಳುವುದು ಹೀಗೆ: 1978ರ ಸುಮಾರಿಗೆ ಸೈನ್ಯಕ್ಕೆ ಸೇರಿದ ಗೆಳೆಯನೊಬ್ಬನನ್ನು ಛೇಡಿಸಲು, ಕವಾಯತಿನ ಎಡ-ಬಲ ಹೆಜ್ಜೆಯ ಲಯವನ್ನು ಅಣಕಿಸಿ ಕೌಬಾಯ್ 'ಹಿಪ್, ಹಾಪ್' ಎಂದು ವೇದಿಕೆಯ ಮೇಲೆ ಪದ ಕಟ್ಟಿದ. ಲವ್‌ಬಗ್ ಸ್ಟಾರ್‌ಸ್ಕಿ ಎಂಬ ಡಿಜೆಯ ಹೆಸರನ್ನೂ ಇದೇ ಪದಕ್ಕೆ ಹೇಳುವವರಿದ್ದಾರೆ. ಇಬ್ಬರೂ ಅದೇ ಪಾರ್ಟಿಗಳಲ್ಲಿ ಓಡಾಡಿದವರು. ಆಗ ಅದು ಬರೀ ತಾಳ ತುಂಬಿಸುವ ಅರ್ಥವಿಲ್ಲದ ಪದ, ನಮ್ಮ ಕೋಲಾಟದ 'ತಂದಾನಿ ತಾನೋ' ಇದ್ದಂತೆ. ಒಂದಿಡೀ ಸಂಸ್ಕೃತಿಯ ಹೆಸರಾದದ್ದು ಆಮೇಲೆ.

ಕೌಬಾಯ್ 1989ರ ಸೆಪ್ಟೆಂಬರ್ 8ರಂದು ತೀರಿಕೊಂಡ. ಕ್ರ್ಯಾಕ್ ಕೊಕೇನ್ ಚಟ ಅವನನ್ನು ನುಂಗಿತ್ತು. ಇನ್ನೂ 29 ತುಂಬಿರಲಿಲ್ಲ. ಅವನು ಮೈಕಿನಲ್ಲಿ ಕೂಗಿದ ಪದಗಳನ್ನು ಇಂದಿಗೂ ಮದುವೆ ಆರ್ಕೆಸ್ಟ್ರಾದವರವರೆಗೆ ಎಲ್ಲರೂ ಬಳಸುತ್ತಾರೆ, ಅವನ ಹೆಸರು ಹೇಳುವವರು ಕಡಿಮೆ.

## ಕೈಚಳಕ

ಫ್ಲ್ಯಾಶ್ ಕಂಡುಹಿಡಿದಿದ್ದು ನಿಖರವಾಗಿ ಏನು?

ಮೂರು ಸಂಗತಿಗಳು, ಒಂದಕ್ಕೊಂದು ಅಂಟಿಕೊಂಡಿವೆ.

ಮೊದಲನೆಯದು ಗಡಿಯಾರದ ಲೆಕ್ಕ. ತಟ್ಟೆಯ ಮೇಲೆ ಬ್ರೇಕ್ ಆರಂಭವಾಗುವ ಜಾಗಕ್ಕೆ ಬಣ್ಣದ ಕಡ್ಡಿಯಿಂದ ಗೆರೆ ಎಳೆಯುವುದು. ತಟ್ಟೆಯನ್ನು ಗಡಿಯಾರದ ಮುಖವೆಂದು ಭಾವಿಸಿದರೆ, ಗೆರೆ ಎಷ್ಟು ಸುತ್ತು ಮುಂದೆ ಹೋಯಿತೋ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರೆ ಸಾಕು. ಮುಳ್ಳು ಎತ್ತುವ ಪ್ರಮೇಯವೇ ಇಲ್ಲ. ತಟ್ಟೆಯ ಮೇಲೆ ಬೆರಳು ಇಡುವುದು ಆಗ ಮಹಾಪರಾಧ. ರೆಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕೆಂದು ಎಲ್ಲ ಮನೆಗಳಲ್ಲೂ ಕಲಿಸುತ್ತಿದ್ದರು.

ಎರಡನೆಯದು ಜಾರುಹಾಸು. ಟರ್ನ್‌ಟೇಬಲ್ ಜೊತೆ ಬರುವ ರಬ್ಬರು ಹಾಸು ತಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಫ್ಲ್ಯಾಶ್ ಫೆಲ್ಟ್ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿ ಗಟ್ಟಿ ಮಾಡಿಕೊಂಡ. ಕೆಳಗೆ ಮೋಟರು ತಿರುಗುತ್ತಲೇ ಇರುತ್ತದೆ, ಮೇಲೆ ತಟ್ಟೆ ಕೈಯ ಮಾತು ಕೇಳುತ್ತದೆ.

ಮೂರನೆಯದು ಇಣುಕುಕೇಳ್ಮೆ. ಒಂದು ತಟ್ಟೆ ಸಭೆಗೆ ಕೇಳಿಸುತ್ತಿರುವಾಗ ಇನ್ನೊಂದನ್ನು ಹೆಡ್‌ಫೋನಿನಲ್ಲಿ ತಾನು ಮಾತ್ರ ಕೇಳಿ ಸಿದ್ಧಪಡಿಸಿಕೊಳ್ಳಲು, ಎರಡೂ ತಟ್ಟೆಯ ಸದ್ದು ಬೆರೆಸುವ ಮಿಕ್ಸರಿಗೆ ಒಂದು ಆಯ್ಕೆಯ ಸ್ವಿಚ್ ಕೂರಿಸಿದ. ಡಿಸ್ಕೋ ಕ್ಲಬ್ಬುಗಳ ದುಬಾರಿ ಮಿಕ್ಸರುಗಳಲ್ಲಿ ಈ ಸೌಲಭ್ಯ ಮೊದಲೇ ಇತ್ತು. ಅವನು ಅದನ್ನು ಅಗ್ಗದ ಮಿಕ್ಸರಿನ ಮೇಲೆ ಸ್ವಂತ ಕೈಯಿಂದ ಕಟ್ಟಿದ.

ಸ್ಕ್ರ್ಯಾಚ್ ಕಂಡುಹಿಡಿದದ್ದು ಫ್ಲ್ಯಾಶ್ ಅಂತ ಎಲ್ಲ ಕಡೆ ಓದಿದ್ದೀನಿ.

ತಪ್ಪು. ಅದರ ಶ್ರೇಯ ಗ್ರ್ಯಾಂಡ್ ವಿಝರ್ಡ್ ಥಿಯೋಡೋರ್‌ಗೆ (ಥಿಯೋಡೋರ್ ಲಿವಿಂಗ್‌ಸ್ಟನ್) ಸಲ್ಲಬೇಕು. ಫ್ಲ್ಯಾಶ್‌ನ ಜೊತೆಗಾರನಾಗಿದ್ದ ಮೀನ್ ಜೀನ್‌ನ ತಮ್ಮ ಅವನು. 1975ರ ಹೊತ್ತಿಗೆ, ಇನ್ನೂ ಎಳೆಯ ಹುಡುಗ, ಹಿಡಿದ ತಟ್ಟೆ ಬೆರಳ ಕೆಳಗೆ ಹಿಂದೆ ಮುಂದೆ ಉಜ್ಜಿದಾಗ ಬಂದ ಸದ್ದನ್ನೇ ವಾದ್ಯವಾಗಿಸಿದ. ಫ್ಲ್ಯಾಶ್ ಆ ಸದ್ದನ್ನು ಬೆಳೆಸಿದ, ಹೆಚ್ಚು ಜನರಿಗೆ ತಲುಪಿಸಿದ.

ಮನೆಯಲ್ಲಿ ಮಾಡಿ ನೋಡ್ಬೇಕು. ಏನೇನು ಬೇಕು?

ಡೈರೆಕ್ಟ್ ಡ್ರೈವ್ (ಮೋಟರು ನೇರವಾಗಿ ತಿರುಗಿಸುವ) ಟರ್ನ್‌ಟೇಬಲ್ 2, ಕ್ರಾಸ್‌ಫೇಡರ್ (ಒಂದು ತಟ್ಟೆಯ ಸದ್ದಿನಿಂದ ಇನ್ನೊಂದಕ್ಕೆ ಬದಲಿಸುವ ಜಾರುಗುಂಡಿ) ಇರುವ ಮಿಕ್ಸರ್ 1, ಫೆಲ್ಟ್ ಜಾರುಹಾಸು 2, ಹೆಡ್‌ಫೋನ್, ಒಂದೇ ರೆಕಾರ್ಡಿನ ಎರಡು ಪ್ರತಿ. ಎರಡೂ ಪ್ರತಿ ಒಂದೇ ಮುದ್ರಣದವಾಗಿರಲಿ. ಬೇರೆ ಮುದ್ರಣದಲ್ಲಿ ಹಾಡಿನ ಉದ್ದವೂ ಸದ್ದಿನ ಮಟ್ಟವೂ ಬೇರೆಯಾಗಿ, ಬದಲಾಯಿಸಿದ ಕೂಡಲೇ ಕಿವಿಗೆ ತಿಳಿದುಬಿಡುತ್ತದೆ. 12 ಇಂಚಿನ ಸಿಂಗಲ್ (ಒಂದೇ ಹಾಡಿನ ತಟ್ಟೆ) ಸಿಕ್ಕರೆ ಒಳ್ಳೆಯದು. ಗೀರುಗಳು ಅಗಲವಾಗಿರುತ್ತವೆ, ಮುಳ್ಳು ಸುಲಭಕ್ಕೆ ಹಾರುವುದಿಲ್ಲ.

ಬೆಲ್ಟ್ ಡ್ರೈವ್ (ಬೆಲ್ಟಿನ ಮೂಲಕ ತಿರುಗುವುದು) ತೆಗೆದುಕೊಳ್ಳಬೇಡಿ. ಕೈ ಬಿಟ್ಟ ಮೇಲೆ ಪೂರ್ಣ ವೇಗಕ್ಕೆ ಬರಲು ಅದಕ್ಕೆ ಹೊತ್ತು ಹಿಡಿಯುತ್ತದೆ, ಮೊದಲ ಪೆಟ್ಟು ಎಳೆದಂತೆ ಕೇಳುತ್ತದೆ. ಹಿಂದೆ ತಿರುಗಿಸುತ್ತ ಹೋದರೆ ಬೆಲ್ಟೂ ಸಡಿಲವಾಗುತ್ತದೆ.

ಮುಳ್ಳು ದುಂಡುತುದಿಯದಿರಲಿ. ಅಂಡಾಕಾರದ ತುದಿ ಸುಮ್ಮನೆ ಕುಳಿತು ಕೇಳಲು ಚೆನ್ನ, ಹಿಂದೆ ಮುಂದೆ ಉಜ್ಜಿದರೆ ಗೀರನ್ನು ಕೆರೆಯುತ್ತದೆ, ಹಾರುತ್ತದೆ. ಡಿಜೆ ಕಾರ್ಟ್ರಿಜ್‌ಗೆ (ಮುಳ್ಳು ಕೂರುವ ಭಾಗ) ತಟ್ಟೆಯ ಮೇಲಿನ ಭಾರ ಸಾಮಾನ್ಯವಾಗಿ 3ರಿಂದ 4 ಗ್ರಾಂ; ನಿಮ್ಮ ಕಾರ್ಟ್ರಿಜ್ ತಯಾರಕರು ಹೇಳಿದ ಮಿತಿಯ ಮೇಲ್ತುದಿಗೆ ಇಡಿ. ಆ್ಯಂಟಿ-ಸ್ಕೇಟ್ (ಮುಳ್ಳಿನ ತೋಳು ಒಳಕ್ಕೆ ಸರಿಯದಂತೆ ತಡೆಯುವ ಗುಂಡಿ) 0.

ಸದ್ದು ಬರದಿದ್ದರೆ ಅಥವಾ ಸೊಳ್ಳೆಯಷ್ಟು ಸಣ್ಣಗೆ ಬಂದರೆ ಮಿಕ್ಸರಿನ ಸ್ವಿಚ್ 'ಲೈನ್'ನಲ್ಲಿದೆ ಎಂದರ್ಥ; 'ಫೋನೋ'ಗೆ ಹಾಕಿ. ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟ್, ಅದಕ್ಕೆ ಪ್ರತ್ಯೇಕ ವರ್ಧನೆ ಬೇಕು. ಗುಂಯ್ ಎಂದು ನಿರಂತರ ಸದ್ದು ಬರುತ್ತಿದ್ದರೆ ಟರ್ನ್‌ಟೇಬಲಿನಿಂದ ಬರುವ ತೆಳು ಅರ್ಥ್ ತಂತಿಯನ್ನು ಮಿಕ್ಸರಿನ ಹಿಂಭಾಗದ ತಿರುಪಿಗೆ ಕಟ್ಟಿಲ್ಲ, ಅಷ್ಟೇ.

ಹಿಂದೆ ತಿರುಗಿಸಿದಾಗ ತಾಳ ತಪ್ಪುತ್ತೆ. ಎಷ್ಟು ಸುತ್ತು ಅಂತ ಹೇಗೆ ಗೊತ್ತಾಗುತ್ತೆ?

ಲೆಕ್ಕ ಸುಲಭ. ನಿಮಿಷಕ್ಕೆ 33⅓ ಸುತ್ತು ಎಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಹಾಡಿನ ವೇಗ ನಿಮಿಷಕ್ಕೆ 100 ಪೆಟ್ಟು ಇದ್ದರೆ ಒಂದು ಪೆಟ್ಟಿಗೆ 0.6 ಸೆಕೆಂಡ್; ಅಂದರೆ ಒಂದು ಸುತ್ತಿಗೆ ಸರಿಯಾಗಿ 3 ಪೆಟ್ಟು. ಎರಡು ಬಾರ್ ಎಂದರೆ 8 ಪೆಟ್ಟು, ನಮ್ಮ ಆದಿತಾಳದ ಒಂದು ಆವರ್ತದಷ್ಟೇ ಎಣಿಕೆ. ಅದಕ್ಕೆ 4.8 ಸೆಕೆಂಡ್, 2⅔ ಸುತ್ತು. ಗೆರೆ 12 ಗಂಟೆಯ ಜಾಗದಿಂದ ಹೊರಟರೆ ಎರಡು ಪೂರ್ಣ ಸುತ್ತು ಮುಗಿಸಿ 8 ಗಂಟೆಯ ಜಾಗದಲ್ಲಿರುತ್ತದೆ.

ಈಗ ಕ್ರಮ. ಎಡ ತಟ್ಟೆಯ ಎರಡು ಬಾರ್ ನುಡಿಯಲಿ. ಒಂಬತ್ತನೆಯ ಪೆಟ್ಟು ಬೀಳುವ ಕ್ಷಣಕ್ಕೆ ಕ್ರಾಸ್‌ಫೇಡರ್ ಬಲಕ್ಕೆ ತಳ್ಳಿ, ಬಲ ತಟ್ಟೆಯನ್ನು ಬಿಡಿ. ಈಗ ಕೈಯಲ್ಲಿರುವುದು 4.8 ಸೆಕೆಂಡ್. ಎಡ ತಟ್ಟೆಯನ್ನು ಲೇಬಲಿನ ಹತ್ತಿರ ಎರಡು ಬೆರಳಿಟ್ಟು ಎರಡು ಸುತ್ತು, ಮೇಲೆ ಮುಕ್ಕಾಲಿಗೆ ತುಸು ಕಡಿಮೆ, ಹಿಂದೆ ಓಡಿಸಿ. ಗೆರೆ 12ಕ್ಕೆ ಬಂದಾಗ ಹಿಡಿದು ನಿಲ್ಲಿಸಿ, ಹೆಡ್‌ಫೋನಿನಲ್ಲಿ ಮೊದಲ ಪೆಟ್ಟಿನ ಅಂಚನ್ನು ಹುಡುಕಿ ಕಾಯಿರಿ. ಈ ಎಲ್ಲ ಕೆಲಸ ಆರನೆಯ ಪೆಟ್ಟಿನೊಳಗೆ ಮುಗಿದಿರಬೇಕು. ಏಳು ಮತ್ತು ಎಂಟು ಉಸಿರಾಡಲು.

ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ತಟ್ಟೆಯನ್ನು ಮೊದಲ ಪೆಟ್ಟಿನ ಮೇಲೆಯೇ ನಿಲ್ಲಿಸಿ ಬಿಟ್ಟರೆ ಅರ್ಧ ಪೆಟ್ಟು ನುಂಗಿಹೋಗುತ್ತದೆ. ಕೂದಲೆಳೆಯಷ್ಟು ಹಿಂದೆ ನಿಲ್ಲಿಸಿ, ಬಿಡುವಾಗ ಸಣ್ಣಗೆ ಮುಂದಕ್ಕೆ ನೂಕಿ. ಎರಡೂ ಟರ್ನ್‌ಟೇಬಲಿನ ವೇಗ ಹೊಂದಿಸುವ ಜಾರುಗುಂಡಿ ಒಂದೇ ಗುರುತಿನಲ್ಲಿರದಿದ್ದರೆ ಎಂಟು ಸಲ ಬದಲಾಯಿಸುವಷ್ಟರಲ್ಲಿ ತಾಳ ಜಾರಿರುತ್ತದೆ. ಇನ್ನು, ಬೆರಳಿನಿಂದ ಕೆಳಗೆ ಒತ್ತಬೇಡಿ. ಒತ್ತಿದರೆ ಫೆಲ್ಟ್ ಕೂಡ ಕಚ್ಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಒಂದೇ ಜಾಗ ಉಜ್ಜಿದರೆ ಅಲ್ಲಿ ಚರಚರ ಸದ್ದು ನೆಲೆಯಾಗುತ್ತದೆ, ಅದು ವಾಸಿಯಾಗುವುದಿಲ್ಲ. ಅಭ್ಯಾಸಕ್ಕೆ ಅಪರೂಪದ ತಟ್ಟೆ ಬಳಸಬೇಡಿ.

ಅಮೆರಿಕದಲ್ಲಿರೋ ಅಣ್ಣ ಹಳೇ ಟೆಕ್ನಿಕ್ಸ್ ಕಂಪನಿ ಟರ್ನ್‌ಟೇಬಲ್ ತಂದುಕೊಡ್ತಾನಂತೆ. ಇಲ್ಲಿ ನಡೆಯುತ್ತಾ?

ನಡೆಯುತ್ತದೆ, ಆದರೆ ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಅಲ್ಲಿ ಮಾರಿದ ಎಸ್‌ಎಲ್-1200 ಎಂಕೆ2 ಯಂತ್ರಗಳು 120 ವೋಲ್ಟಿನವು. ನಮ್ಮ 230 ವೋಲ್ಟ್ ಕೊಟ್ಟರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಒಂದು ಯಂತ್ರ ಎಳೆಯುವುದು 15 ವ್ಯಾಟ್ ಒಳಗೆ, ಆದ್ದರಿಂದ 100 ವಿಎ ಸಾಮರ್ಥ್ಯದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಎರಡಕ್ಕೂ ಸಾಕು. ಜಪಾನಿನಿಂದ ತಂದದ್ದಾದರೆ ಅದು 100 ವೋಲ್ಟಿನದು, ಅದಕ್ಕೆ ತಕ್ಕದ್ದೇ ಕೊಳ್ಳಿ. ಅಮೆರಿಕದಲ್ಲಿ 60 ಹರ್ಟ್ಸ್, ಇಲ್ಲಿ 50, ವೇಗ ಬದಲಾಗುತ್ತದೆಯೇ ಎಂಬ ಚಿಂತೆ ಬೇಡ. ಈ ಯಂತ್ರದ ವೇಗವನ್ನು ನಿಯಂತ್ರಿಸುವುದು ಕ್ವಾರ್ಟ್ಸ್ ಹರಳು.

## ರೆಕಾರ್ಡುಗಳು

ಅವರ ಮೊದಲ ರೆಕಾರ್ಡ್ ಯಾವುದು?

ಗುಂಪಿನ ಹೆಸರಿನಲ್ಲಿ ಬಂದ ಮೊದಲನೆಯದು 1979ರ 'ಸೂಪರಾಪಿನ್'. ಹಾರ್ಲೆಮ್‌ನ ಬಾಬಿ ರಾಬಿನ್ಸನ್ ಅವರ ಎಂಜಾಯ್ ರೆಕಾರ್ಡ್ಸ್‌ಗೆ. ಅದೇ ವರ್ಷ 'ದ ಯಂಗರ್ ಜನರೇಶನ್' ಎಂಬ ಬೇರೆ ಹೆಸರಿನಲ್ಲಿ ಐವರು ಎಂಸಿಗಳು 'ವಿ ರ‍್ಯಾಪ್ ಮೋರ್ ಮೆಲೋ' ಎಂಬುದನ್ನೂ ಹಾಡಿದ್ದರು.

'ಸೂಪರಾಪಿನ್' ಸುಮಾರು 12 ನಿಮಿಷ ಓಡುತ್ತದೆ. ಬ್ರಾಂಕ್ಸ್‌ನ ಪಾರ್ಟಿಯಲ್ಲಿ ಈ ಐವರು ಹೇಗಿದ್ದರು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ತಟ್ಟೆ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಒಬ್ಬನ ಸಾಲಿನ ಬಾಲವನ್ನು ಇನ್ನೊಬ್ಬ ಹಿಡಿಯುತ್ತಾನೆ, ಒಂದೇ ಪದಕ್ಕೆ ಐದೂ ದನಿ ಒಟ್ಟಿಗೆ ಬೀಳುತ್ತವೆ, ಮತ್ತೆ ಚದುರುತ್ತವೆ. 1980ರಲ್ಲಿ ಅವರು ಸಿಲ್ವಿಯಾ ರಾಬಿನ್ಸನ್ ನಡೆಸುತ್ತಿದ್ದ, ನ್ಯೂಜೆರ್ಸಿಯ ಎಂಗಲ್‌ವುಡ್‌ನ ಶುಗರ್ ಹಿಲ್ ರೆಕಾರ್ಡ್ಸ್‌ಗೆ ಹೋದರು. 'ಫ್ರೀಡಮ್' ಅಲ್ಲಿನ ಮೊದಲ ಯಶಸ್ಸು.

'ದ ಮೆಸೇಜ್' ಹಾಡಲ್ಲಿ ಫ್ಲ್ಯಾಶ್ ಎಲ್ಲಿದ್ದಾನೆ? ಎಷ್ಟು ಕೇಳಿದ್ರೂ ಟರ್ನ್‌ಟೇಬಲ್ ಸದ್ದೇ ಇಲ್ಲ.

ನಿಮ್ಮ ಕಿವಿ ಸರಿಯಿದೆ. ಟರ್ನ್‌ಟೇಬಲ್ ಇಲ್ಲ. ಹಾಡಿನ ಬೀಜ ಹಾಕಿದ್ದು ಶುಗರ್ ಹಿಲ್‌ನ ಸ್ಟುಡಿಯೋ ತಂಡದ ತಾಳವಾದ್ಯಗಾರ ಎಡ್ ಫ್ಲೆಚರ್, ಅಂದರೆ ಡ್ಯೂಕ್ ಬೂಟಿ. ಕರ್ತೃಗಳೆಂದು ನಮೂದಾದವರು ಫ್ಲೆಚರ್, ಮೆಲಿ ಮೆಲ್, ಸಿಲ್ವಿಯಾ ರಾಬಿನ್ಸನ್, ಜಿಗ್ಸ್ ಚೇಸ್. ಗುಂಪಿನವರಿಗೆ ಹಾಡು ಇಷ್ಟವಾಗಲಿಲ್ಲ. ಕುಣಿಯಲು ಬಂದ ಜನರಿಗೆ ಒಡೆದ ಗಾಜು, ಇಲಿ, ಜಿರಳೆ, ಸಾಲಗಾರರ ಕಾಟದ ಮಾತು ಯಾರಿಗೆ ಬೇಕು ಎಂಬುದು ಅವರ ಅನುಮಾನ. ಕೊನೆಗೆ ಪದ ನುಡಿದದ್ದು ಡ್ಯೂಕ್ ಬೂಟಿ ಮತ್ತು ಮೆಲಿ ಮೆಲ್ ಇಬ್ಬರೇ. ಗುಂಪಿನ ಉಳಿದವರು ಬರುವುದು ಕೊನೆಯಲ್ಲಿ, ಬೀದಿಯಲ್ಲಿ ನಿಂತ ಗೆಳೆಯರನ್ನು ಪೊಲೀಸರು ಹಿಡಿಯುವ ಚಿಕ್ಕ ದೃಶ್ಯಕ್ಕೆ. ವೀಡಿಯೋದಲ್ಲಿ ಡ್ಯೂಕ್ ಬೂಟಿಯ ಸಾಲುಗಳಿಗೆ ತುಟಿ ಆಡಿಸುವವನು ರಹೀಮ್. ಅದನ್ನು ನೋಡಿದವರು ದನಿಯೂ ಅವನದೇ ಎಂದು ನಂಬಿಬಿಡುತ್ತಾರೆ.

ಇದು ಪೂರ್ತಿ ಹೊರಗಿನ ಹಾಡು ಎನ್ನುವುದೂ ಸರಿಯಲ್ಲ. ಹುಟ್ಟಿದ ಮಗುವೊಂದು ಬೆಳೆದು, ಕೆಟ್ಟು, ಜೈಲಿನಲ್ಲಿ ಸಾಯುವ ಕೊನೆಯ ಚರಣವನ್ನು ಮೆಲಿ ಮೆಲ್ 1979ರ 'ಸೂಪರಾಪಿನ್'ನಲ್ಲೇ ನುಡಿದಿದ್ದ. ಅಲ್ಲಿ ಅದು ಕುಣಿತದ ಗದ್ದಲದಲ್ಲಿ ಕೊಚ್ಚಿಹೋಗಿತ್ತು. ನಿಧಾನದ, ಖಾಲಿ ಜಾಗ ಬಿಟ್ಟ ಸಿಂಥಸೈಜರ್ ಸಂಗೀತದ ಮೇಲೆ ಬಂದಾಗ ಅದೇ ಪದಗಳು ಎದೆಗೆ ನಾಟಿದವು.

1982ರ ಜುಲೈ 1ರಂದು ಬಿಡುಗಡೆಯಾದ ಹಾಡು ಬಿಲ್‌ಬೋರ್ಡ್‌ನ ಆರ್ ಅಂಡ್ ಬಿ ಪಟ್ಟಿಯಲ್ಲಿ 4ಕ್ಕೂ ಮುಖ್ಯ ಪಟ್ಟಿಯಲ್ಲಿ 62ಕ್ಕೂ ಏರಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2002ನೇ ಸಾಲಿನ ತನ್ನ ಮೊದಲ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ 50 ಮುದ್ರಣಗಳನ್ನು ಆರಿಸಿದಾಗ, ಹಿಪ್-ಹಾಪ್‌ನಿಂದ ಇದ್ದದ್ದು ಇದೊಂದೇ. ಡ್ಯೂಕ್ ಬೂಟಿ 2021ರ ಜನವರಿಯಲ್ಲಿ ತೀರಿಕೊಂಡರು.

ಹಾಗಾದ್ರೆ ಫ್ಲ್ಯಾಶ್‌ನ ಕೈ ಕೇಳಬೇಕು ಅಂದ್ರೆ?

1981ರ 'ದಿ ಅಡ್ವೆಂಚರ್ಸ್ ಆಫ್ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಆನ್ ದ ವೀಲ್ಸ್ ಆಫ್ ಸ್ಟೀಲ್'. ಸುಮಾರು 7 ನಿಮಿಷ. ಮೂರು ಟರ್ನ್‌ಟೇಬಲ್‌ಗಳ ಮೇಲೆ, ಟೇಪು ಕತ್ತರಿಸಿ ಅಂಟಿಸದೆ, ಒಂದೇ ಓಟದಲ್ಲಿ ನುಡಿಸಿದ್ದು. ಎಲ್ಲಾದರೂ ತಪ್ಪಿದರೆ ಮೊದಲಿನಿಂದ. ಷೀಕ್‌ನ 'ಗುಡ್ ಟೈಮ್ಸ್', ಕ್ವೀನ್‌ನ 'ಅನದರ್ ಒನ್ ಬೈಟ್ಸ್ ದ ಡಸ್ಟ್', ಬ್ಲಾಂಡಿಯ 'ರ‍್ಯಾಪ್ಚರ್', ಇನ್‌ಕ್ರೆಡಿಬಲ್ ಬಾಂಗೋ ಬ್ಯಾಂಡ್‌ನ 'ಅಪಾಚೆ' ಇದರಲ್ಲಿ ಸಿಗುತ್ತವೆ. 'ರ‍್ಯಾಪ್ಚರ್'ನಲ್ಲಿ ಬ್ಲಾಂಡಿಯ ಗಾಯಕಿ ಡೆಬಿ ಹ್ಯಾರಿ ಫ್ಲ್ಯಾಶ್‌ನ ಹೆಸರು ಹೇಳಿದ್ದಳು. ಅವನು ಆ ಸಾಲನ್ನೇ ಕತ್ತರಿಸಿ ತಂದು ಇಲ್ಲಿ ನುಡಿಸಿದ. ಬರೀ ಬೇರೆಯವರ ತಟ್ಟೆಗಳಿಂದ ಹೊಸ ಕೃತಿ ಕಟ್ಟಬಹುದು ಎಂದು ರೆಕಾರ್ಡಿನ ಮೇಲೆ ತೋರಿಸಿದ್ದು ಇದೇ. ಮೊದಲ ಸಲ ಕೇಳುವಾಗ 'ಗುಡ್ ಟೈಮ್ಸ್' ಎಂಬ ಪದ ತುಂಡಾಗಿ ಮರುಕಳಿಸುವ ಜಾಗಗಳನ್ನು ಎಣಿಸಿ. ಒಂದೊಂದು ತುಂಡಿನ ಹಿಂದೆಯೂ ಮೇಲೆ ಹೇಳಿದ ಹಿಂದೋಟ ಇದೆ.

'ವೈಟ್ ಲೈನ್ಸ್' ಕೂಡ ಫ್ಲ್ಯಾಶ್‌ದೇ ಅಲ್ವಾ?

ಅಲ್ಲ. 1983ರ ಆ ಹಾಡು ಮೆಲಿ ಮೆಲ್‌ನದು. ತಟ್ಟೆಯ ಮೇಲೆ 'ಗ್ರ್ಯಾಂಡ್‌ಮಾಸ್ಟರ್ ಅಂಡ್ ಮೆಲಿ ಮೆಲ್' ಎಂದು ಅಚ್ಚು ಹಾಕಿದ್ದರಿಂದ ಜನ ಫ್ಲ್ಯಾಶ್ ಎಂದುಕೊಂಡರು. ಬಾಸ್ ಎಳೆ ನ್ಯೂಯಾರ್ಕಿನ ಲಿಕ್ವಿಡ್ ಲಿಕ್ವಿಡ್ ತಂಡದ 'ಕ್ಯಾವರ್ನ್'ನಿಂದ ಎತ್ತಿದ್ದು, ಅದನ್ನು ಶುಗರ್ ಹಿಲ್‌ನ ವಾದಕರು ಮತ್ತೆ ನುಡಿಸಿದರು. ಆ ತಂಡಕ್ಕೆ ಮೊದಲಿಗೆ ಶ್ರೇಯವೂ ಸಿಗಲಿಲ್ಲ, ಹಣವೂ ಸಿಗಲಿಲ್ಲ. ಮೊಕದ್ದಮೆ ನಡೆಯಿತು.

## ಒಡಕು ಮತ್ತು ಆಮೇಲೆ

ಇಷ್ಟು ಹೆಸರು ಬಂದ ಮೇಲೆ ಯಾಕೆ ಒಡೆದುಹೋದ್ರು?

ಹಣ ಮತ್ತು ಹೆಸರು. 1983ರಲ್ಲಿ ಫ್ಲ್ಯಾಶ್ ರಾಯಲ್ಟಿ ಬಾಕಿಗಾಗಿ ಶುಗರ್ ಹಿಲ್ ಮೇಲೆ 50 ಲಕ್ಷ ಡಾಲರ್ ಮೊಕದ್ದಮೆ ಹೂಡಿದ. ಫ್ಲ್ಯಾಶ್, ಕಿಡ್ ಕ್ರಿಯೋಲ್, ರಹೀಮ್ ಒಂದು ಕಡೆ. ಮೆಲಿ ಮೆಲ್, ಸ್ಕಾರ್ಪಿಯೋ, ಕೌಬಾಯ್ ಕಂಪನಿಯ ಜೊತೆ. ಗುಂಪಿನ ಪೂರ್ತಿ ಹೆಸರು ಹೊರಟವರ ಕೈಗೆ ಸಿಗಲಿಲ್ಲ. ಅದಕ್ಕೇ ಎಲೆಕ್ಟ್ರಾ ಕಂಪನಿಗೆ 1985ರಿಂದ 1987ರವರೆಗೆ ಮಾಡಿದ ಮೂರು ಆಲ್ಬಮ್‌ಗಳ ಮೇಲೆ ಬರೀ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂದಿದೆ. ಆ ಕಡೆ ಉಳಿದವರು 'ಗ್ರ್ಯಾಂಡ್‌ಮಾಸ್ಟರ್ ಮೆಲಿ ಮೆಲ್ ಅಂಡ್ ದ ಫ್ಯೂರಿಯಸ್ ಫೈವ್' ಆದರು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ.

ಆದರೆ ಮೂಲಕಾರಣ ಇನ್ನೂ ಹಿಂದಿದೆ ಎನಿಸುತ್ತದೆ. ಪಾರ್ಕಿನ ಪಾರ್ಟಿಗಳಲ್ಲಿ ಆರೂ ಜನ ಬೇಕಿತ್ತು. ಸ್ಟುಡಿಯೋದಲ್ಲಿ ವಾದಕರು ಇದ್ದರು, ಡಿಜೆ ಬೇಕಿರಲಿಲ್ಲ. 'ದ ಮೆಸೇಜ್' ಬಂದ ಮೇಲೆ ಐದು ದನಿಯೂ ಬೇಕಿರಲಿಲ್ಲ. ಕೆಲಸ ಹಂಚಿಕೊಂಡಿದ್ದ ಗುಂಪಿನಲ್ಲಿ ಐವರಿಗೆ ಕೆಲಸವಿಲ್ಲದಾದಾಗ ಅದು ನಿಲ್ಲುವುದು ಕಷ್ಟ. 1987ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಸಹಾಯಾರ್ಥ ಕಛೇರಿಗೆ ಮತ್ತೆ ಸೇರಿದರು, 1988ರಲ್ಲಿ 'ಆನ್ ದ ಸ್ಟ್ರೆಂತ್' ಆಲ್ಬಮ್ ತಂದರು. ಅಷ್ಟರಲ್ಲಿ ಕಾಲ ಬದಲಾಗಿತ್ತು.

ರನ್-ಡಿಎಂಸಿ ಬಂದ ಮೇಲೆ ಇವರು ಯಾಕೆ ಮಂಕಾದ್ರು?

ವೇಷ ಒಂದು ಕಾರಣ. ಫ್ಯೂರಿಯಸ್ ಫೈವ್ ಚರ್ಮದ ಉಡುಪು, ಲೋಹದ ಗುಬಟು, ತುಪ್ಪಳ ತೊಟ್ಟು ವೇದಿಕೆಗೆ ಬರುತ್ತಿದ್ದರು, ಫಂಕ್ ಬ್ಯಾಂಡುಗಳ ಹಾಗೆ. 1983ರಲ್ಲಿ ಬಂದ ನ್ಯೂಯಾರ್ಕಿನ ಇನ್ನೊಂದು ರ‍್ಯಾಪ್ ಗುಂಪು ರನ್-ಡಿಎಂಸಿ ಬೀದಿಯ ಹುಡುಗರ ಟೋಪಿ ಮತ್ತು ಅಡಿಡಾಸ್ ಶೂನಲ್ಲೇ ಬಂದರು. ಸಂಗೀತವೂ ಹಾಗೆಯೇ ಬೋಳಾಯಿತು: ಬ್ಯಾಂಡ್ ಹೋಗಿ ಡ್ರಮ್ ಮಷಿನ್ ಮತ್ತು ಸ್ಕ್ರ್ಯಾಚ್ ಉಳಿಯಿತು. ಇಬ್ಬರು ಎಂಸಿ ಸಾಲನ್ನು ಹಂಚಿಕೊಂಡು ನುಡಿಯುವ ಆ ಕ್ರಮ ಮಾತ್ರ ಈ ಐವರಂಥ ಗುಂಪುಗಳಿಂದ ಬಂದದ್ದು.

ಈಗ ಎಲ್ಲಿದ್ದಾರೆ? ಗೌರವಗಳೇನು ಸಿಕ್ಕಿವೆ?

2007ರ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಅವರನ್ನು ಪರಿಚಯಿಸಿದವನು ರ‍್ಯಾಪರ್ ಜೇ-ಝೀ. ರನ್-ಡಿಎಂಸಿಗೆ ಆ ಗೌರವ ಸಿಕ್ಕಿದ್ದು 2009ರಲ್ಲಿ. ಫ್ಲ್ಯಾಶ್‌ಗೆ 2019ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ, ಗುಂಪಿಗೆ 2021ರಲ್ಲಿ ಗ್ರ್ಯಾಮಿಯ ಜೀವಮಾನ ಸಾಧನೆ ಪ್ರಶಸ್ತಿ ಬಂತು. ಮೆಲಿ ಮೆಲ್‌ನ ದನಿಯನ್ನು ಚಾಕಾ ಖಾನ್‌ಳ 1984ರ 'ಐ ಫೀಲ್ ಫಾರ್ ಯೂ' ಆರಂಭದಲ್ಲಿ ನೀವು ಕೇಳಿಯೇ ಇರುತ್ತೀರಿ, ಅವಳ ಹೆಸರನ್ನು ಪಟಪಟನೆ ಕರೆಯುವವನು ಅವನೇ.

ಕಿಡ್ ಕ್ರಿಯೋಲ್ ಬಗ್ಗೆ ಬಹಳ ಜನ ಕೇಳುತ್ತಾರೆ. 2017ರ ಆಗಸ್ಟ್‌ನಲ್ಲಿ ಮ್ಯಾನ್‌ಹಟನ್‌ನಲ್ಲಿ ಮನೆಯಿಲ್ಲದ ವ್ಯಕ್ತಿಯೊಬ್ಬರನ್ನು ಇರಿದು ಕೊಂದ ಪ್ರಕರಣದಲ್ಲಿ 2022ರಲ್ಲಿ ಅವನು ನರಹತ್ಯೆಯ ಅಪರಾಧಿ ಎಂದು ತೀರ್ಪಾಗಿ 16 ವರ್ಷದ ಶಿಕ್ಷೆಯಾಯಿತು.

## ಬರೆಯುವವರಿಗೆ, ಆಳವಾಗಿ ಕೇಳುವವರಿಗೆ

ಐದು ಜನ ಸಾಲು ಹಂಚಿಕೊಳ್ಳೋ ಆ ಕ್ರಮವನ್ನ ಕನ್ನಡದಲ್ಲಿ ಮಾಡೋದು ಹೇಗೆ?

ಮೊದಲು ಅಳತೆ. 100ರ ವೇಗದಲ್ಲಿ 16 ಬಾರ್ ಎಂದರೆ 64 ಪೆಟ್ಟು, 38.4 ಸೆಕೆಂಡ್. ಒಂದು ಬಾರ್‌ಗೆ ಒಂದು ಸಾಲು ಎಂದುಕೊಳ್ಳಿ. ಎಲ್ಲರೂ ಕೂಡಿ ಹೇಳುವ ಪದ ನಾಲ್ಕನೆಯ ಪೆಟ್ಟಿಗೆ ಬೀಳಲಿ, ಪ್ರಾಸವೂ ಅಲ್ಲೇ ಇರಲಿ.

ಇಂಗ್ಲಿಷಿನ ರ‍್ಯಾಪ್ ಅಂತ್ಯಪ್ರಾಸದ ಮೇಲೆ ನಿಂತಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ತೀರಾ ಸುಲಭ. ಎಲ್ಲ ಸಾಲೂ 'ಬಂದೆ, ನಿಂದೆ, ಅಂದೆ' ಆಗಿ ಬೇಗ ಬೇಸರ ತರಿಸುತ್ತದೆ. ನಮ್ಮ ಕಾವ್ಯದ ಎರಡನೆಯ ಅಕ್ಷರದ ಪ್ರಾಸವನ್ನು ಸಾಲಿನೊಳಗೆ ಹೆಣೆದು, ಅಂತ್ಯಪ್ರಾಸವನ್ನು ಎಲ್ಲರ ಕೂಗಿಗೆ ಉಳಿಸಿಕೊಂಡರೆ ಐದು ದನಿಗೆ ಚೆನ್ನಾಗಿ ಒದಗುತ್ತದೆ. ಉದಾಹರಣೆಗೆ:

ಸಂತೆ ಮುಗಿದ ಮೈದಾನ, ಸಾಲದ ಕಂತು ತೀರದು
ಅಂತೂ ಬಂತು ಕೊನೆ ಬಸ್ಸು, ಮನೆಯ ಚಿಂತೆ ಆರದು

ಮೊದಲನೆಯವನು 'ಸಂತೆ ಮುಗಿದ ಮೈದಾನ', ಎರಡನೆಯವನು 'ಸಾಲದ ಕಂತು', ಐವರೂ 'ತೀರದು'. ಮೂರನೆಯವನು 'ಅಂತೂ ಬಂತು ಕೊನೆ ಬಸ್ಸು', ನಾಲ್ಕನೆಯವನು 'ಮನೆಯ ಚಿಂತೆ', ಐವರೂ 'ಆರದು'. ಸಂತೆ, ಕಂತು, ಅಂತೂ, ಬಂತು, ಚಿಂತೆ ಎಂಬ ಪ್ರಾಸಪದಗಳು ದನಿಯಿಂದ ದನಿಗೆ ಚೆಂಡಿನಂತೆ ಹಾರುತ್ತವೆ.

ಕೆಡುವುದು ಎಲ್ಲಿ ಎಂದರೆ ಕೈ ಬದಲಾಗುವ ಜಾಗದಲ್ಲಿ. ಮುಂದಿನವನು ತನ್ನ ಪದದ ಹೊತ್ತಿಗೆ ಉಸಿರೆಳೆದರೆ ತಡವಾಯಿತು. ಹಿಂದಿನವನ ಕೊನೆಯ ಪದಕ್ಕೇ ಎಳೆದಿಟ್ಟುಕೊಂಡಿರಬೇಕು. ಮೊದಲು ತಾಳ ತಟ್ಟುತ್ತ 70ರ ವೇಗದಲ್ಲಿ ಅಭ್ಯಾಸ ಮಾಡಿ, ಆಮೇಲೆ ಐದೈದು ಏರಿಸಿ. ಕೂಡಿ ಹೇಳುವ ಪದಕ್ಕೆ ಎಲ್ಲರೂ ಮೈಕಿಗೆ ಮುಖ ಒತ್ತಿದರೆ ಸದ್ದು ಒಡೆಯುತ್ತದೆ, ಒಂದು ಗೇಣು ಹಿಂದೆ ಸರಿಯಿರಿ.

ಯಾವ ಕ್ರಮದಲ್ಲಿ ಕೇಳಲಿ?

'ದ ಮೆಸೇಜ್' ನಿಮಗೆ ಗೊತ್ತೇ ಇದೆ, ಅದನ್ನು ಬದಿಗಿಡಿ. 'ಸೂಪರಾಪಿನ್' ಪೂರ್ತಿ ಕೇಳಿ, ಐದು ದನಿಯನ್ನು ಬೇರೆ ಬೇರೆಯಾಗಿ ಗುರುತಿಸುವವರೆಗೆ. ಮೂರು ಸಲ ಬೇಕಾಗಬಹುದು. ಆಮೇಲೆ 'ಫ್ರೀಡಮ್'. ಅನಂತರ ಹೆಡ್‌ಫೋನ್ ಹಾಕಿಕೊಂಡು 'ವೀಲ್ಸ್ ಆಫ್ ಸ್ಟೀಲ್'. ಕೈ ಹೇಗೆ ಓಡುತ್ತದೆಂದು ಕಣ್ಣಾರೆ ನೋಡಲು 1983ರ 'ವೈಲ್ಡ್ ಸ್ಟೈಲ್' ಚಿತ್ರದಲ್ಲಿ ಫ್ಲ್ಯಾಶ್ ಅಡುಗೆಮನೆಯಲ್ಲಿ ಟರ್ನ್‌ಟೇಬಲ್ ಇಟ್ಟುಕೊಂಡು ನುಡಿಸುವ ದೃಶ್ಯವಿದೆ. ಅದಾದ ಮೇಲೆ 'ದ ಮೆಸೇಜ್'ಗೆ ಮರಳಿ, ಕೊನೆಯ ಚರಣ ಬಂದಾಗ 'ಸೂಪರಾಪಿನ್'ನ ಅದೇ ಭಾಗವನ್ನು ಪಕ್ಕದಲ್ಲಿ ಹಾಕಿ ಕೇಳಿ.